ಹೆಪ್ಪು ಕಟ್ಟಿಸುವ ಥ್ರಾಂಬಿನ್ ರಕ್ತನಾಳವನ್ನೂ ಬೆಳೆಸುತ್ತದೆ: ಕೋಳಿಮೊಟ್ಟೆಯಲ್ಲಿ ನೋಡಿದ ನನ್ನ ಅನುಭವ

ಥ್ರಾಂಬಿನ್ ಅಂದ ಕೂಡಲೇ ನೆನಪಾಗುವುದು ಹೆಪ್ಪು. ಗಾಯವಾದಾಗ ರಕ್ತ ನಿಲ್ಲಿಸುವ ಕಿಣ್ವ, ಅಷ್ಟೇ. ಕಾಲೇಜಿನ ಪಾಠದಲ್ಲಿ ಅದರ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಇದೇ ಥ್ರಾಂಬಿನ್ ಹೊಸ ರಕ್ತನಾಳಗಳನ್ನೂ ಚಿಗುರಿಸುತ್ತದೆ. ಅದೂ ಹೆಪ್ಪಿನ ಹಂಗಿಲ್ಲದೆ. ನಾನು ಹಲವು ವರ್ಷ ಬೆಂಗಳೂರಿನ ಒಂದು ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಈ ವಿಷಯದ ಮೇಲೆ ಕೆಲಸ ಮಾಡಿದೆ. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಬಿಡಿಸಿ ನೋಡುವುದು ಹೇಗೆ? ನನ್ನ ದುಡಿಮೆಯ ಬಹುಪಾಲು ಹೋದದ್ದು ಈ ಒಂದು ಪ್ರಶ್ನೆಗೆ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ಲಿವರ್ ಪ್ರೋಥ್ರಾಂಬಿನ್ ಅನ್ನುವ ಪ್ರೋಟೀನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ಸುಮ್ಮನೆ ಹರಿದಾಡಿಕೊಂಡಿರುತ್ತದೆ. ನಾಳ ಹರಿದಾಗ ನಾಳದ ಹೊರಗಿನ ಕೋಶಗಳ ಮೇಲಿರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ರಕ್ತಕ್ಕೆ ಸಿಗುತ್ತದೆ. ಅಲ್ಲಿಂದ ಹೆಪ್ಪಿನ ಪ್ರೋಟೀನ್‌ಗಳಾದ ಏಳನೇ ಫ್ಯಾಕ್ಟರ್, ಹತ್ತನೇ ಫ್ಯಾಕ್ಟರ್ ಹೀಗೆ ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ ಕೊನೆಗೆ ಪ್ರೋಥ್ರಾಂಬಿನ್ ಕತ್ತರಿಸಿಕೊಂಡು ಥ್ರಾಂಬಿನ್ ಆಗುತ್ತದೆ. ಥ್ರಾಂಬಿನ್ ಒಂದು ಕತ್ತರಿ. ಫೈಬ್ರಿನೋಜನ್ ಎಂಬ ಪ್ರೋಟೀನಿನ ತುದಿಗಳನ್ನು ಕತ್ತರಿಸಿದರೆ ಫೈಬ್ರಿನ್ ಎಳೆಗಳು ಹುಟ್ಟುತ್ತವೆ, ಹೆಪ್ಪು ಕಟ್ಟುತ್ತದೆ.

ಆದರೆ ಈ ಕತ್ತರಿ ಕೋಶಗಳ ಮೈಮೇಲಿನ ಒಂದು ರಿಸೆಪ್ಟರನ್ನೂ ಕತ್ತರಿಸುತ್ತದೆ. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶಾನ್ ಕಾಫ್ಲಿನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಈಗ ಅದನ್ನು ಪಾರ್-1 ಅನ್ನುತ್ತೇವೆ. ಸಾಮಾನ್ಯವಾಗಿ ರಿಸೆಪ್ಟರ್ ಅಂದರೆ ಹೊರಗಿನಿಂದ ಏನೋ ಬಂದು ಕೂರುತ್ತದೆ, ಸಂದೇಶ ಒಳಗೆ ಹೋಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಪಾರ್-1ರ ಉದ್ದ ಬಾಲ ಕೋಶದ ಹೊರಗೆ ಚಾಚಿಕೊಂಡಿರುತ್ತದೆ. ಥ್ರಾಂಬಿನ್ ಆ ಬಾಲವನ್ನು 41ನೇ ಅಮೈನೋ ಆಮ್ಲದ ಪಕ್ಕದಲ್ಲಿ ಕತ್ತರಿಸುತ್ತದೆ. ಆಗ ಹೊಸದಾಗಿ ಹೊರಬಂದ ತುದಿ ತಾನೇ ಬಾಗಿ ಅದೇ ರಿಸೆಪ್ಟರಿಗೆ ಬಂದು ಕೂರುತ್ತದೆ. ತನ್ನನ್ನು ತಾನೇ ಎಬ್ಬಿಸಿಕೊಳ್ಳುವ ರಿಸೆಪ್ಟರ್ ಇದು. ಒಮ್ಮೆ ಕತ್ತರಿಸಿದರೆ ಮತ್ತೆ ಕೂಡಿಸಲು ಆಗುವುದಿಲ್ಲ. ಕೋಶ ಅದನ್ನು ಒಳಗೆ ಎಳೆದುಕೊಂಡು ನಾಶ ಮಾಡುತ್ತದೆ, ಒಳಗಿರುವ ದಾಸ್ತಾನಿನಿಂದ ಹೊಸದನ್ನು ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಥ್ರಾಂಬಿನ್ ಸ್ವಲ್ಪ ಹೊತ್ತು ತಾಗಿದರೂ ಸಾಕು. ಪ್ರಯೋಗ ಮಾಡುವಾಗ ಈ ಮಾತು ಬಹಳ ಉಪಯೋಗಕ್ಕೆ ಬಂತು.

ನಾನು ಈ ವಿಷಯಕ್ಕೆ ಬರಲು ಕಾರಣ ಗ್ರೀಸ್ ದೇಶದ ಪತ್ರಾಸ್ ವಿಶ್ವವಿದ್ಯಾಲಯದ ಕೆಲಸ. ಮೈಕೆಲ್ ಮರಗುದಾಕಿಸ್, ನಿಕೋಸ್ ಸೋಪನೊಗ್ಲು ಮತ್ತು ಜೊತೆಗಾರರು 1993ರಲ್ಲಿ ಕೋಳಿಮೊಟ್ಟೆಯೊಳಗಿನ ಪೊರೆಯ ಮೇಲೆ ಥ್ರಾಂಬಿನ್ ಹಾಕಿ ನೋಡಿದರು. ರಕ್ತನಾಳ ಹೆಚ್ಚಾದವು. ಫೈಬ್ರಿನ್ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತೋರಿಸಿದರು. 1999ರಲ್ಲಿ ಅದೇ ಲ್ಯಾಬ್ ಇನ್ನೊಂದು ವಿಷಯ ಹೇಳಿತು. ಥ್ರಾಂಬಿನ್ ತಾಗಿದ ನಾಳದ ಕೋಶಗಳು ತಮ್ಮ ಮೈಮೇಲೆ ವಿಇಜಿಎಫ್ ರಿಸೆಪ್ಟರುಗಳನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ವಿಇಜಿಎಫ್ ಅಂದರೆ ನಾಳ ಬೆಳೆಸುವ ಮುಖ್ಯ ಸಂದೇಶ. ಥ್ರಾಂಬಿನ್ ಆ ಸಂದೇಶ ಕೇಳಿಸಿಕೊಳ್ಳುವ ಶಕ್ತಿಯನ್ನೇ ಹೆಚ್ಚಿಸುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇಲಿಗಳ ಲೆಕ್ಕ. ಫೈಬ್ರಿನೋಜನ್ ಇಲ್ಲದ ಇಲಿಮರಿಗಳು ಜೀವಂತವಾಗಿ ಹುಟ್ಟುತ್ತವೆ. ರಕ್ತಸ್ರಾವದ ತೊಂದರೆ ಇರುತ್ತದೆ, ಆದರೆ ಹುಟ್ಟುತ್ತವೆ. ಟಿಶ್ಯೂ ಫ್ಯಾಕ್ಟರ್ ಇಲ್ಲದ ಭ್ರೂಣಗಳ ಕಥೆ ಬೇರೆ. ಇಲಿಯ ಬಸಿರು ಸುಮಾರು 20 ದಿನ. ಈ ಭ್ರೂಣಗಳಲ್ಲಿ ಹೆಚ್ಚಿನವು ಹತ್ತನೇ ದಿನದ ಆಸುಪಾಸಿನಲ್ಲೇ ಸಾಯುತ್ತವೆ ಎಂದು 1996ರಲ್ಲಿ ಮೂರು ಲ್ಯಾಬುಗಳು ಬೇರೆ ಬೇರೆಯಾಗಿ ತೋರಿಸಿದವು. ಭ್ರೂಣದ ಚೀಲದ ನಾಳಗಳು ಗಟ್ಟಿಯಾಗಿರಲಿಲ್ಲ. ಪಾರ್-1 ಇಲ್ಲದ ಭ್ರೂಣಗಳಲ್ಲೂ ಸುಮಾರು ಅರ್ಧದಷ್ಟು ಅದೇ ಹೊತ್ತಿಗೆ ಸಾಯುತ್ತವೆ. ಸಾವಿಗೆ ಹೆಪ್ಪು ಕಟ್ಟದಿರುವುದೊಂದೇ ಕಾರಣವಾಗಿದ್ದರೆ ಫೈಬ್ರಿನೋಜನ್ ಇಲ್ಲದ ಭ್ರೂಣಗಳೂ ಹಾಗೇ ಸಾಯಬೇಕಿತ್ತು. 2001ರಲ್ಲಿ ಕಾಫ್ಲಿನ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಾರ್-1 ಇಲ್ಲದ ಭ್ರೂಣದಲ್ಲಿ ನಾಳಗಳ ಒಳಪದರದ ಕೋಶಗಳಿಗೆ ಮಾತ್ರ ಪಾರ್-1 ವಾಪಸ್ ಕೊಟ್ಟರು. ಸಾಯಬೇಕಿದ್ದ ಭ್ರೂಣಗಳು ಬದುಕಿದವು. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ ಅಂತ ಈಗಲೂ ನಂಬಿದ್ದೇನೆ.

ನನ್ನ ಕೈಯಲ್ಲಿ ಅಂಥ ಇಲಿಗಳಿರಲಿಲ್ಲ. ಮೊಟ್ಟೆ ಇತ್ತು.

ಮೊಟ್ಟೆಯ ಪ್ರಯೋಗ ಅಗ್ಗ, ಆದರೆ ಸುಲಭ ಅಂದುಕೊಳ್ಳಬೇಡಿ. ಅಂಗಡಿಯ ಮೊಟ್ಟೆ ನಡೆಯುವುದಿಲ್ಲ, ಅದರಲ್ಲಿ ಮರಿ ಇರುವುದಿಲ್ಲ. ಹ್ಯಾಚರಿಯಿಂದ ಫಲವಾದ ಮೊಟ್ಟೆ ತರಬೇಕು. ಬಿಳಿ ಲೆಗ್‌ಹಾರ್ನ್ ಮೊಟ್ಟೆ ಒಳ್ಳೆಯದು. ಗಿರಿರಾಜ ಕೋಳಿಯ ಕಂದು ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ಒಳಗಿನ ನಾಳ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಇನ್‌ಕ್ಯುಬೇಟರ್ 37.5ರಿಂದ 38 ಡಿಗ್ರಿಯಲ್ಲಿರಬೇಕು, ತೇವ ಸುಮಾರು 60 ಶೇಕಡಾ. ಬೇಸಿಗೆಯಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತದೆ. ನೀರಿನ ತಟ್ಟೆಯನ್ನು ದಿನಾ ನೋಡದಿದ್ದರೆ ಪೊರೆ ಒಣಗಿ ಚರ್ಮದಂತಾಗುತ್ತದೆ. ಕರೆಂಟಿಗೆ ಯುಪಿಎಸ್ ಇರಲೇಬೇಕು.

ಮೂರನೇ ದಿನ ಸಿರಿಂಜಿನಿಂದ ಎರಡು ಮೂರು ಮಿಲಿಲೀಟರ್ ಬಿಳಿಭಾಗ ತೆಗೆಯುತ್ತೇನೆ. ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಮೇಲೆ ಚಿಪ್ಪಿನಲ್ಲಿ ಚಿಕ್ಕ ಕಿಟಕಿ ಕೊಯ್ದು ಟೇಪ್ ಹಾಕಿ ಮುಚ್ಚುತ್ತೇನೆ. ಕಿಟಕಿಯನ್ನು ಬೇಗನೇ ತೆರೆಯುವುದಕ್ಕೆ ಕಾರಣವಿದೆ. ನಾಳಗಳಿರುವ ಆ ಪೊರೆಗೆ ಕೋರಿಯೋಅಲಂಟಾಯಿಕ್ ಪೊರೆ ಎಂದು ಹೆಸರು. ಲ್ಯಾಬಿನಲ್ಲಿ ಎಲ್ಲರೂ ಕ್ಯಾಮ್ ಅನ್ನುತ್ತಾರೆ. ಅದು ಬೆಳೆಯುವುದು ನಾಲ್ಕೈದನೇ ದಿನದ ನಂತರ. ಅದು ಬೆಳೆದ ಮೇಲೆ ಚಿಪ್ಪು ಕೊಯ್ದರೆ ಚಿಪ್ಪಿನ ಪುಡಿ ಅದರ ಮೇಲೆಯೇ ಬೀಳುತ್ತದೆ. ಪುಡಿ ಬಿದ್ದ ಜಾಗ ಊದಿಕೊಳ್ಳುತ್ತದೆ, ಸುತ್ತ ನಾಳಗಳು ಮುತ್ತಿಕೊಳ್ಳುತ್ತವೆ. ನೋಡಿದವರಿಗೆ ಔಷಧ ಕೆಲಸ ಮಾಡಿದ ಹಾಗೇ ಕಾಣುತ್ತದೆ. ಚಿತ್ರ ಎಷ್ಟೇ ಚೆಂದ ಇದ್ದರೂ ಅದು ಉತ್ತರವಲ್ಲ. ಔಷಧ ಹಾಕಿ ಪೊರೆಯ ಮೇಲಿಡುವ ಫಿಲ್ಟರ್ ಪೇಪರಿನ ನಾರೂ ಇದೇ ತೊಂದರೆ ಕೊಡುತ್ತದೆ. ಹಾಗಾಗಿ ನಾನು ಪ್ಲಾಸ್ಟಿಕ್ಕಿನ ಪುಟ್ಟ ಬಿಲ್ಲೆಗಳನ್ನು ಬಳಸಿದೆ, ಊತ ತಡೆಯಲು ಅದರ ಮೇಲೆ ಮೊದಲೇ ಕಾರ್ಟಿಸೋನ್ ಒಣಗಿಸಿದೆ. ಪತ್ರಾಸ್‌ನವರೂ ಪ್ಲಾಸ್ಟಿಕ್ ಬಿಲ್ಲೆಗಳನ್ನೇ ಬಳಸುತ್ತಿದ್ದರು.

ಎಂಟು ಒಂಬತ್ತನೇ ದಿನಕ್ಕೆ ಬಿಲ್ಲೆ ಇಟ್ಟು ಎರಡು ಮೂರು ದಿನ ಬಿಟ್ಟು ನೋಡುವುದು. ಅದಕ್ಕಿಂತ ತಡ ಮಾಡಬಾರದು. ಹನ್ನೊಂದನೇ ದಿನದ ಹೊತ್ತಿಗೆ ಪೊರೆಯ ನಾಳಗಳು ತಾವಾಗಿಯೇ ಬೆಳೆಯುವ ವೇಗ ಇಳಿಯುತ್ತದೆ.

ಇನ್ನು ಕಂಟ್ರೋಲ್‌ಗಳ, ಅಂದರೆ ಹೋಲಿಸಿ ನೋಡಲು ಇಡುವ ಪ್ರಯೋಗಗಳ ವಿಷಯ. ನನ್ನ ಮಟ್ಟಿಗೆ ಇಡೀ ಪ್ರಯೋಗ ನಿಂತಿರುವುದೇ ಇಲ್ಲಿ. ಥ್ರಾಂಬಿನ್ ಹಾಕಿ ನಾಳ ಜಾಸ್ತಿಯಾಯಿತು ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಥ್ರಾಂಬಿನ್ ಸೀಸೆಯಲ್ಲಿ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ಸೇರಿಕೊಂಡಿದ್ದರೂ ಪೊರೆ ಊದಿ ನಾಳ ಹೆಚ್ಚಾಗಬಹುದು. ಅದಕ್ಕೆ ಹೊಸ ಸೀಸೆ ತೆರೆದಾಗಲೆಲ್ಲ ಮೊದಲು ಎಂಡೋಟಾಕ್ಸಿನ್ ಪರೀಕ್ಷೆ. ಆಮೇಲೆ ಬೇಕಾದದ್ದು ಕತ್ತರಿಯ ಬಾಯಿ ಕಟ್ಟಿದ ಥ್ರಾಂಬಿನ್. ಪಿಪ್ಯಾಕ್ ಅನ್ನುವ ರಾಸಾಯನಿಕ ಥ್ರಾಂಬಿನ್‌ನ ಕತ್ತರಿಸುವ ಜಾಗಕ್ಕೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಪ್ರೋಟೀನ್ ಹಾಗೇ ಇರುತ್ತದೆ, ಕತ್ತರಿಸಲು ಮಾತ್ರ ಆಗುವುದಿಲ್ಲ. ಅದನ್ನು ಹಾಕಿದ ಮೊಟ್ಟೆಗಳು ಬರೀ ಉಪ್ಪುನೀರು ಹಾಕಿದ ಮೊಟ್ಟೆಗಳ ಹಾಗೇ ಇದ್ದವು. ಕತ್ತರಿಸುವ ಕೆಲಸವೇ ಬೇಕು ಅನ್ನುವುದು ಅಲ್ಲಿಗೆ ಗೊತ್ತಾಯಿತು. ಹಿರುಡಿನ್ ಬೆರೆಸಿದ ಥ್ರಾಂಬಿನ್ ಕೂಡ ಹಾಕಿದೆ. ಹಿರುಡಿನ್ ಜಿಗಣೆಯ ಜೊಲ್ಲಿನಲ್ಲಿರುವ ಪ್ರೋಟೀನ್, ಥ್ರಾಂಬಿನ್ ಒಂದನ್ನೇ ಹಿಡಿಯುತ್ತದೆ. ಅಲ್ಲೂ ನಾಳ ಹೆಚ್ಚಲಿಲ್ಲ.

ಆದರೆ ಕತ್ತರಿಸಿದ್ದು ಯಾವುದನ್ನು? ಫೈಬ್ರಿನೋಜನನ್ನೋ, ರಿಸೆಪ್ಟರನ್ನೋ? ಪ್ರಶ್ನೆ ಹಾಗೇ ಉಳಿಯಿತು. ಇದಕ್ಕೆ ಎರಡು ದಾರಿ ಹಿಡಿದೆ. ಮೊದಲನೆಯದು ಗಾಮಾ-ಥ್ರಾಂಬಿನ್. ಥ್ರಾಂಬಿನ್ ತಾನೇ ಸ್ವಲ್ಪ ಮುರಿದುಕೊಂಡಾಗ ಉಳಿಯುವ ರೂಪ ಇದು. ಕತ್ತರಿ ಚುರುಕಾಗಿಯೇ ಇರುತ್ತದೆ, ಆದರೆ ಫೈಬ್ರಿನೋಜನನ್ನು ಹಿಡಿದುಕೊಳ್ಳುವ ಜಾಗ ಹಾಳಾಗಿರುತ್ತದೆ. ಹೆಪ್ಪು ಕಟ್ಟಿಸಲು ಬರುವುದಿಲ್ಲ. ಪಾರ್-1ನ್ನೂ ಅದು ನಿಧಾನವಾಗಿಯೇ ಕತ್ತರಿಸುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿ ಹಾಕಬೇಕಾಯಿತು. ನಾಳ ಬಂದವು.

ಎರಡನೆಯ ದಾರಿ ನನಗೆ ಬಹಳ ಇಷ್ಟ. ಪಾರ್-1 ಕತ್ತರಿಸಿದಾಗ ಹೊರಬರುವ ತುದಿಯ ಆರು ಅಮೈನೋ ಆಮ್ಲಗಳನ್ನು ಮಾತ್ರ ಲ್ಯಾಬಿನಲ್ಲಿ ಜೋಡಿಸಿಕೊಳ್ಳಬಹುದು: ಸೀರಿನ್, ಫಿನೈಲ್‌ಅಲನೀನ್, ಎರಡು ಲ್ಯೂಸೀನ್, ಆರ್ಜಿನೀನ್, ಆಸ್ಪರಜೀನ್. ಈ ಪುಟ್ಟ ಪೆಪ್ಟೈಡಿಗೆ ಏನನ್ನೂ ಕತ್ತರಿಸುವ ಶಕ್ತಿ ಇಲ್ಲ. ಫೈಬ್ರಿನೋಜನ್ ಜೊತೆ ಬೆರೆಸಿ ಎಷ್ಟು ಹೊತ್ತು ಕಾದರೂ ಹೆಪ್ಪು ಕಟ್ಟುವುದಿಲ್ಲ. ಆದರೆ ಅದು ನೇರ ಹೋಗಿ ಪಾರ್-1ರಲ್ಲಿ ಕೂತು ಥ್ರಾಂಬಿನ್ ಬಂದ ಹಾಗೇ ಸಂದೇಶ ಕೊಡುತ್ತದೆ. ಇದರ ಕಂಟ್ರೋಲ್ ಇನ್ನೂ ಸೊಗಸು. ಮೊದಲ ಎರಡು ಆಮ್ಲಗಳನ್ನು ಅದಲುಬದಲು ಮಾಡಿದರೆ ಸಾಕು. ಅದೇ ಆರು ಆಮ್ಲ, ಅದೇ ತೂಕ, ಆದರೆ ರಿಸೆಪ್ಟರ್ ಅಲುಗಾಡುವುದಿಲ್ಲ. ಸರಿಯಾದ ಪೆಪ್ಟೈಡ್ ಇಟ್ಟ ಮೊಟ್ಟೆಗಳಲ್ಲಿ ಬಿಲ್ಲೆಯ ಸುತ್ತ ನಾಳಗಳು ಕವಲೊಡೆದವು. ಅದಲುಬದಲಾದದ್ದು ಇಟ್ಟಲ್ಲಿ ಇಲ್ಲ. ಹೆಪ್ಪಿಲ್ಲದೆಯೂ ನಾಳ ಬೆಳೆಯುತ್ತದೆ ಅಂತ ನನಗೆ ಪೂರ್ತಿ ಒಪ್ಪಿಗೆಯಾದದ್ದು ಈ ಹೋಲಿಕೆಯಿಂದ.

ಈ ಪೆಪ್ಟೈಡ್ ಬಳಸುವವರಿಗೆ ಒಂದು ಮಾತು. ಥ್ರಾಂಬಿನ್ ನ್ಯಾನೋಮೋಲಾರ್ ಮಟ್ಟದಲ್ಲೇ ಕೆಲಸ ಮಾಡುತ್ತದೆ, ಪೆಪ್ಟೈಡ್ ಹತ್ತಾರು ಮೈಕ್ರೋಮೋಲಾರ್ ಬೇಕು, ಅಂದರೆ ಸಾವಿರಾರು ಪಟ್ಟು ಜಾಸ್ತಿ. ಅಷ್ಟೊಂದಾ ಅಂತ ಗಾಬರಿ ಬೇಡ. ರಿಸೆಪ್ಟರಿನ ಸ್ವಂತ ತುದಿ ಅದರ ಪಕ್ಕದಲ್ಲೇ ಕಟ್ಟಿಕೊಂಡಿರುತ್ತದೆ, ಹೊರಗಿನ ಪೆಪ್ಟೈಡ್ ಅಲೆದು ಬರಬೇಕು. ಜೊತೆಗೆ ಕೋಶಗಳ ಮೇಲಿನ ಕಿಣ್ವಗಳು ಅದನ್ನು ಬೇಗ ಕಡಿದುಹಾಕುತ್ತವೆ.

ಕವಲುಗಳನ್ನು ಎಣಿಸುವುದನ್ನು ನಾನು ಮಾಡಲಿಲ್ಲ. ಫೋಟೋಗಳಿಗೆ ಸಂಕೇತ ಹಾಕಿ ಯಾವುದರಲ್ಲಿ ಏನಿದೆ ಎಂದು ಗೊತ್ತಿಲ್ಲದ ಸಹೋದ್ಯೋಗಿಗೆ ಕೊಟ್ಟೆ. ನಮಗೆ ಬೇಕಾದ ಉತ್ತರ ನಮ್ಮ ಕಣ್ಣಿಗೆ ಬಹಳ ಸುಲಭವಾಗಿ ಕಾಣುತ್ತದೆ. ಪತ್ರಾಸ್‌ನವರು ಎಣಿಕೆಯೊಂದನ್ನೇ ನಂಬದೆ ಪೊರೆಯಲ್ಲಿ ಹೊಸದಾಗಿ ತಯಾರಾದ ಕೊಲಾಜೆನ್, ಅಂದರೆ ನಾಳದ ಹಾಸಿನ ಪ್ರೋಟೀನ್, ಅಳೆದಿದ್ದರು. ಅದು ಇನ್ನೂ ಗಟ್ಟಿ ವಿಧಾನ.

ಮೊಟ್ಟೆಯ ನಂತರ ಮನುಷ್ಯರ ಕೋಶಗಳು. ಹೆರಿಗೆಯಾದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿಯನ್ನು ತಾಯಿಯ ಒಪ್ಪಿಗೆ ಪಡೆದು ತರುತ್ತೇವೆ. ಬಳ್ಳಿಯ ದೊಡ್ಡ ನಾಳವನ್ನು ತೊಳೆದು ಕೊಲಾಜೆನ್ ಕರಗಿಸುವ ಕೊಲಾಜಿನೇಸ್ ಕಿಣ್ವ ತುಂಬಿಸಿ ಸ್ವಲ್ಪ ಹೊತ್ತು ಬಿಟ್ಟರೆ ಒಳಪದರದ ಕೋಶಗಳು ಬಿಟ್ಟುಕೊಳ್ಳುತ್ತವೆ. ಒಳಗೆ ಹೆಪ್ಪುಗಟ್ಟಿದ ಬಳ್ಳಿಗಳನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಹೆಪ್ಪಿದೆ ಅಂದರೆ ಥ್ರಾಂಬಿನ್ ಆಗಲೇ ಆ ಕೋಶಗಳನ್ನು ಮುಟ್ಟಿದೆ ಅಂತ ಅರ್ಥ.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಕೋಶಗಳಿಗೆ ಆಹಾರವಾಗಿ ನಾವು ಹಾಕುವುದು ಸೀರಂ. ಸೀರಂ ಅಂದರೇನು? ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿದ್ದ ಬೆಳವಣಿಗೆಯ ಪ್ರೋಟೀನ್‌ಗಳನ್ನೆಲ್ಲ ಆ ತಿಳಿಗೆ ಸುರಿದಿರುತ್ತವೆ. ಜೊತೆಗೆ ಅದರಲ್ಲಿ ಆಂಟಿಥ್ರಾಂಬಿನ್ ಇರುತ್ತದೆ, ನೀವು ಹಾಕಿದ ಥ್ರಾಂಬಿನನ್ನು ಅದು ಕಟ್ಟಿಹಾಕುತ್ತದೆ. ಹತ್ತು ಶೇಕಡಾ ಸೀರಂನಲ್ಲಿ ಥ್ರಾಂಬಿನ್ ಪರೀಕ್ಷಿಸಿ "ಪರಿಣಾಮ ಇಲ್ಲ" ಎಂದರೆ ಆ ಮಾತಿಗೆ ಬೆಲೆಯಿಲ್ಲ. ಒಂದು ಕಡೆ ಕಂಟ್ರೋಲ್ ತಟ್ಟೆಯೂ ಉಬ್ಬಿರುತ್ತದೆ, ಇನ್ನೊಂದು ಕಡೆ ಥ್ರಾಂಬಿನ್ ಸತ್ತಿರುತ್ತದೆ. ನಾನು ಪ್ರಯೋಗದ ಹೊತ್ತಿಗೆ ಸೀರಂ ತೆಗೆದು ಆಲ್ಬ್ಯುಮಿನ್ ಇರುವ ದ್ರಾವಣಕ್ಕೆ ಕೋಶಗಳನ್ನು ಬದಲಾಯಿಸುತ್ತಿದ್ದೆ.

ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್ ಮೇಲೆ ಬಿತ್ತಿದರೆ ಕೋಶಗಳು ಕೆಲವೇ ಗಂಟೆಗಳಲ್ಲಿ ಒಂದಕ್ಕೊಂದು ಕೈ ಚಾಚಿ ಜಾಲ ಕಟ್ಟುತ್ತವೆ. ಕಡಿಮೆ ಥ್ರಾಂಬಿನ್ ಇದ್ದಾಗ, ಅಂದರೆ ಮಿಲಿಲೀಟರಿಗೆ ಒಂದು ಯೂನಿಟ್‌ಗಿಂತ ಸಾಕಷ್ಟು ಕೆಳಗೆ, ಜಾಲ ಚೆನ್ನಾಗಿ ಹೆಣೆದುಕೊಂಡಿತು. ಜಾಸ್ತಿ ಮಾಡುತ್ತಾ ಹೋದರೆ ಕೋಶಗಳು ಮುದುಡಿ ದುಂಡಗಾದವು, ನಡುವೆ ಬಿರುಕು ಬಿಟ್ಟಿತು. ಇದರಲ್ಲಿ ವಿರೋಧ ಏನಿಲ್ಲ. ನಾಳ ಕವಲೊಡೆಯಬೇಕಾದರೆ ಒಳಪದರದ ಕೋಶ ಮೊದಲು ತನ್ನ ಜಾಗ ಸಡಿಲ ಮಾಡಿಕೊಳ್ಳಬೇಕು, ಅಕ್ಕಪಕ್ಕದ ಕೋಶದ ಹಿಡಿತ ಬಿಡಬೇಕು, ಕೆಳಗಿನ ಹಾಸನ್ನು ಕರಗಿಸಬೇಕು. ಥ್ರಾಂಬಿನ್ ಈ ಮೂರಕ್ಕೂ ಕೈಹಾಕುತ್ತದೆ. ಸಡಿಲವಾದರೆ ಕವಲು. ಪೂರ್ತಿ ಬಿಟ್ಟರೆ ಸೋರುವ ನಾಳ. ಎಷ್ಟು ಹಾಕಿದೆ, ಎಷ್ಟು ಹೊತ್ತು ಬಿಟ್ಟೆ ಎಂದು ಬರೆಯದೆ ಥ್ರಾಂಬಿನ್ ಬಗ್ಗೆ ಏನೇ ಹೇಳಿದರೂ ಅದು ಅರ್ಧ ಮಾತು.

ಹಾಗಂತ ಹೆಪ್ಪಿಗೆ ಇದರಲ್ಲಿ ಪಾತ್ರವೇ ಇಲ್ಲ ಅಂತಲ್ಲ. ಗಾಯದಲ್ಲಿ ಫೈಬ್ರಿನ್ ಜಾಲದೊಳಗೇ ಹೊಸ ನಾಳ ನುಗ್ಗುವುದು. ಅದನ್ನು ನೋಡಲು ಸಣ್ಣ ಮಣಿಗಳಿಗೆ ಕೋಶ ಅಂಟಿಸಿ ಫೈಬ್ರಿನ್ ಜೆಲ್‌ನಲ್ಲಿ ಹೂತು, ಮೇಲೆ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಹರಡುವ ವಿಧಾನವಿದೆ. ಮಿಲಿಲೀಟರಿಗೆ ಎರಡೂವರೆ ಮಿಲಿಗ್ರಾಂ ಫೈಬ್ರಿನೋಜನ್, ಅರ್ಧ ಯೂನಿಟ್ ಆಸುಪಾಸಿನ ಥ್ರಾಂಬಿನ್, ಜೆಲ್ ಕರಗದ ಹಾಗೆ ಸ್ವಲ್ಪ ಅಪ್ರೋಟಿನಿನ್. ಥ್ರಾಂಬಿನ್ ಕಡಿಮೆಯಿದ್ದರೆ ಎಳೆಗಳು ದಪ್ಪ, ನಡುವೆ ಜಾಗ ಜಾಸ್ತಿ. ಥ್ರಾಂಬಿನ್ ಜಾಸ್ತಿಯಾದರೆ ಎಳೆ ಸಣ್ಣ, ಹೆಣಿಗೆ ಒತ್ತು, ಕೋಶಕ್ಕೆ ನುಗ್ಗಲು ಕಷ್ಟ. ಹೀಗಾಗಿ ಜೆಲ್‌ನಲ್ಲಿ ಥ್ರಾಂಬಿನ್ ಬದಲಾಯಿಸಿದಾಗ ರಿಸೆಪ್ಟರಿನ ಸಂದೇಶ, ಕೋಶ ನಿಂತ ನೆಲ ಎರಡೂ ಒಟ್ಟಿಗೆ ಬದಲಾಗುತ್ತವೆ. ಬಿಡಿಸಿ ನೋಡಬೇಕು ಅನ್ನುವವರಿಗೆ ಇದು ಸರಿಯಾದ ಜಾಗವಲ್ಲ.

ಇನ್ನೊಂದು ಸಂಗತಿ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಪ್ಲೇಟ್‌ಲೆಟ್‌ನಲ್ಲಿ ನಾಳ ಬೆಳೆಸುವ ವಿಇಜಿಎಫ್ ಇದೆ, ನಾಳ ತಡೆಯುವ ಎಂಡೋಸ್ಟಾಟಿನ್ ಕೂಡ ಇದೆ. ಪಾರ್-1ನ್ನು ಮಾತ್ರ ಎಬ್ಬಿಸಿದರೆ ವಿಇಜಿಎಫ್ ಹೊರಬರುತ್ತದೆ, ಅದರದೇ ಜಾತಿಯ ಇನ್ನೊಂದು ರಿಸೆಪ್ಟರ್ ಪಾರ್-4ನ್ನು ಎಬ್ಬಿಸಿದರೆ ಎಂಡೋಸ್ಟಾಟಿನ್. ಥ್ರಾಂಬಿನ್ ಎರಡನ್ನೂ ಮುಟ್ಟುತ್ತದೆ, ಆದರೆ ಪಾರ್-4ಕ್ಕೆ ಜಾಸ್ತಿ ಥ್ರಾಂಬಿನ್ ಬೇಕು. ನಾಳ ತಡೆಯುವ ಇನ್ನಷ್ಟು ತುಣುಕುಗಳೂ ಇದೇ ಮನೆಯವು. 1994ರಲ್ಲಿ ಜುಡಾ ಫೋಕ್‌ಮನ್ ಅವರ ಲ್ಯಾಬ್ ಕಂಡುಹಿಡಿದ ಆಂಜಿಯೋಸ್ಟಾಟಿನ್, ಹೆಪ್ಪು ಕರಗಿಸುವ ಪ್ಲಾಸ್ಮಿನೋಜನ್‌ನ ಒಂದು ತುಣುಕು. 1999ರಲ್ಲಿ ಅದೇ ಲ್ಯಾಬ್, ಕತ್ತರಿಸಿದ ಆಂಟಿಥ್ರಾಂಬಿನ್ ಕೂಡ ನಾಳ ತಡೆಯುತ್ತದೆ ಎಂದು ತೋರಿಸಿತು. ಗಾಯ ತುಂಬಲು ನಾಳ ಬೇಕು, ತುಂಬಿದ ಮೇಲೆ ನಿಲ್ಲಬೇಕು. ಎರಡಕ್ಕೂ ಬೇಕಾದ ಸಾಮಾನು ರಕ್ತದಲ್ಲೇ ಇದೆ.

ನೆಂಟರು, ಸ್ನೇಹಿತರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ. "ಹಾಗಾದ್ರೆ ರಕ್ತ ತೆಳು ಮಾಡುವ ಮಾತ್ರೆ ತಗೊಂಡ್ರೆ ಕ್ಯಾನ್ಸರ್ ಕಡಿಮೆ ಆಗುತ್ತಾ?" ಪ್ರಶ್ನೆ ಸರಿಯಾಗಿಯೇ ಇದೆ. ಗಡ್ಡೆ ಬೆಳೆಯಲು ನಾಳ ಬೇಕು. ಕ್ಯಾನ್ಸರ್ ಇದ್ದವರಲ್ಲಿ ಹೆಪ್ಪು ಜಾಸ್ತಿ ಎಂದು ಫ್ರಾನ್ಸಿನ ಆರ್ಮಾಂಡ್ ಟ್ರೂಸೋ 1865ರಲ್ಲೇ ಹೇಳಿದ್ದರು. ಅನೇಕ ಗಡ್ಡೆಗಳು ಟಿಶ್ಯೂ ಫ್ಯಾಕ್ಟರನ್ನು ಹೇರಳವಾಗಿ ತಯಾರಿಸುತ್ತವೆ. ಆದರೆ ಮನುಷ್ಯರಲ್ಲಿ ನೋಡಿದಾಗ ಉತ್ತರ ಹಾಗೆ ಬರಲಿಲ್ಲ. ಬ್ರಿಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 2,202 ಜನರಲ್ಲಿ ಕೆಲವರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ರಕ್ತ ತೆಳು ಮಾಡುವ ಡಾಲ್ಟೆಪಾರಿನ್ ಕೊಟ್ಟು ನೋಡಿದರು. ನಾಳದ ಹೆಪ್ಪು ಕಡಿಮೆಯಾಯಿತು, ಬದುಕಿದ ಕಾಲ ಹೆಚ್ಚಾಗಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಹಾಗಾಗಿ ನನ್ನ ಮೊಟ್ಟೆಯ ಫೋಟೋ ನೋಡಿ ಯಾರೂ ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡುವುದೂ ಬೇಡ, ಡಾಕ್ಟರು ಕೊಟ್ಟಿದ್ದನ್ನು ಬಿಡುವುದೂ ಬೇಡ.

ಕೊನೆಯದು ನಮ್ಮ ಕಾಲೇಜುಗಳ ಎಂ.ಎಸ್ಸಿ. ಹುಡುಗ ಹುಡುಗಿಯರಿಗೆ. ಗಿಡದ ರಸ, ಗಿಡದ ಹಾಲು ಮೊಟ್ಟೆಯ ಪೊರೆಗೆ ಹಾಕಿ "ನಾಳ ಬೆಳೆಯುತ್ತದೆ" ಎಂದು ಬರೆಯುವ ಪ್ರಾಜೆಕ್ಟ್‌ಗಳು ಬಹಳ ಬರುತ್ತವೆ. ಎಕ್ಕದ ಹಾಲಿನಲ್ಲಿ ರಕ್ತ ಹೆಪ್ಪುಗಟ್ಟಿಸುವ, ಫೈಬ್ರಿನ್ ಕರಗಿಸುವ ಪ್ರೋಟಿಯೇಸ್‌ಗಳು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಇವೆ ಎಂದು ಮೈಸೂರು ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ ವಿಭಾಗದವರು 2005ರಲ್ಲೇ ತೋರಿಸಿದ್ದಾರೆ. ನಿಮ್ಮ ರಸದಲ್ಲೂ ಅಂಥ ಕತ್ತರಿ ಇರಬಹುದು. ಮೊಟ್ಟೆಗೆ ಹಾಕುವ ಮೊದಲು ಸಿಟ್ರೇಟ್ ಹಾಕಿದ ಪ್ಲಾಸ್ಮಾಕ್ಕೆ (ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಡುವುದರಿಂದ ಅದು ತಾನಾಗಿ ಹೆಪ್ಪುಗಟ್ಟುವುದಿಲ್ಲ) ಒಂದು ಹನಿ ಬೆರೆಸಿ ನೋಡಿ. ಕ್ಯಾಲ್ಸಿಯಂ ಹಾಕದೆಯೇ ಹೆಪ್ಪುಗಟ್ಟಿದರೆ ಥ್ರಾಂಬಿನ್‌ನಂಥ ಕೆಲಸ ಇದೆ ಅಂತ ಅರ್ಥ. ಇಂಥ ಕಡೆ ಹಿರುಡಿನ್ ಉಪಯೋಗವಿಲ್ಲ, ಅದು ಥ್ರಾಂಬಿನನ್ನು ಮಾತ್ರ ಹಿಡಿಯುತ್ತದೆ. ಎಕ್ಕದ ಹಾಲಿನವು ಸಿಸ್ಟೀನ್ ಪ್ರೋಟಿಯೇಸ್‌ಗಳು, ಬೇರೆಯೇ ಜಾತಿಯ ಕತ್ತರಿಗಳು. ಅಯೋಡೋಅಸಿಟಿಕ್ ಆಮ್ಲದಿಂದ ಅವುಗಳ ಬಾಯಿ ಕಟ್ಟಿ, ಉಳಿದ ಆಮ್ಲ ಭ್ರೂಣವನ್ನು ಸಾಯಿಸದ ಹಾಗೆ ರಾತ್ರಿಯಿಡೀ ಡಯಾಲಿಸಿಸ್ ಮಾಡಿ (ಪೊರೆಚೀಲದಲ್ಲಿಟ್ಟು ಅದನ್ನು ಹೊರಹಾಕಿ), ಆಮೇಲೆ ಕಟ್ಟಿದ್ದು ಮತ್ತು ಕಟ್ಟದ್ದು ಎರಡನ್ನೂ ಒಂದೇ ದಿನ, ಒಂದೇ ಹ್ಯಾಚರಿಯ ಮೊಟ್ಟೆಗಳ ಮೇಲೆ ಇಡಿ.